ಪಹಣಿಯ ಮುದ್ರೆ

ಹಳಗನ್ನಡದಲ್ಲಿ ‘ಪೊೞಲ್’ ಎಂದರೆ ಪಟ್ಟಣ. ಕಾಲಾಂತರದಲ್ಲಿ ಪಕಾರವು ಹಕಾರಕ್ಕೆ ತಿರುಗಿ, ೞಕಾರವು ಬಳಕೆಯಿಂದ ಮರೆಯಾಗಿ, ಅದೇ ಶಬ್ದ ‘ಹೊಳಲು’ ಎಂದು ನಿಂತಿತು. ಮಂಡ್ಯ ಸೀಮೆಯಲ್ಲಿ ಈ ಹೆಸರಿನ ಊರೊಂದಿದೆ. ಹೆಸರಿನಲ್ಲಿ ಪಟ್ಟಣವಿದ್ದರೂ ಆ ಭಾಗದ ಬಾಳು ನಿಂತಿರುವುದು ಬೇಸಾಯದ ಮೇಲೆ. ಕನ್ನಂಬಾಡಿಯಲ್ಲಿ ಕಾವೇರಿಗೆ ಕಟ್ಟಿದ ಅಣೆಕಟ್ಟಿನ ನೀರು, ಮೊದಲು ಇರ್ವಿನ್ ನಾಲೆಯೆಂದೂ ಆಮೇಲೆ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾದ ಕಾಲುವೆಯ ಮೂಲಕ 1930ರ ದಶಕದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಯ ಬಯಲುಗಳಿಗೆ ಹರಿಯತೊಡಗಿದಾಗ, ಮಳೆಯನ್ನೇ ನೆಚ್ಚಿ ರಾಗಿ ಹುರುಳಿ ಬಿತ್ತುತ್ತಿದ್ದ ನೆಲ ಕಬ್ಬು ಭತ್ತಗಳ ಗದ್ದೆಯಾಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿಯೂ ಸ್ಥಾಪನೆಗೊಂಡಿತು. ಅಂದಿನಿಂದ ಅಲ್ಲಿ ಒಂದೊಂದು ಗುಂಟೆಗೂ ಬೆಲೆ ಬಂದಿದೆ. ನೆಲಕ್ಕೆ ಬೆಲೆ ಬಂದಲ್ಲಿ ನೆಲದ ಕಾಗದಕ್ಕೂ ಬೆಲೆ ಬರುವುದು ಸಹಜ.

ಆ ಕಾಗದದ ಹೆಸರು ಪಹಣಿ. ಸರ್ವೆ ನಂಬರು, ವಿಸ್ತೀರ್ಣ, ಮಣ್ಣಿನ ಬಗೆ, ನೀರಾವರಿಯ ಮೂಲ, ಸ್ವಾಧೀನದಾರನ ಹೆಸರು, ಜಮೀನಿನ ಮೇಲಿರುವ ಸಾಲ, ಬೆಳೆದ ಬೆಳೆ, ಇಷ್ಟನ್ನೂ ಅದು ಒಂದೇ ಹಾಳೆಯಲ್ಲಿ ಹೇಳುತ್ತದೆ. ಬ್ಯಾಂಕಿನಲ್ಲಿ ಬೆಳೆಸಾಲ ಬೇಕಾದರೂ, ಅಣ್ಣತಮ್ಮಂದಿರು ಭಾಗವಾಗಬೇಕಾದರೂ, ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದರೂ ರೈತನ ಕೈಯಲ್ಲಿ ಮೊದಲು ಇರಬೇಕಾದದ್ದು ಅದೇ. ನಲವತ್ತು ಗುಂಟೆ ಸೇರಿದರೆ ಒಂದು ಎಕರೆ. ಎರಡು ಎಕರೆ ಹತ್ತು ಗುಂಟೆಯ ಒಡೆಯನ ಪಹಣಿಯಲ್ಲಿ ಯಾರೋ ಒಂದು ಅಂಕಿಯನ್ನು ತಿದ್ದಿದರೆ ಒಂದು ಸಂಸಾರದ ಅನ್ನ ತಿದ್ದಿಹೋಗುತ್ತದೆ.

ಕಾಗದವನ್ನು ತಿದ್ದುವ ಭಯ ಹೊಸದಲ್ಲ. ಹಿಂದಿನ ಅರಸರು ಭೂದಾನವನ್ನು ಕಲ್ಲಿನಲ್ಲಿಯೂ ತಾಮ್ರಪಟದಲ್ಲಿಯೂ ಕೊರೆಯಿಸುತ್ತಿದ್ದುದಕ್ಕೆ ಈ ಭಯವೂ ಒಂದು ಕಾರಣ. ತಾಮ್ರದ ಹಲಗೆಗಳನ್ನು ಬಳೆಯೊಂದರಲ್ಲಿ ಪೋಣಿಸಿ, ಬಳೆಯ ಬೆಸುಗೆಯ ಮೇಲೆ ರಾಜಮುದ್ರೆಯನ್ನು ಒತ್ತುತ್ತಿದ್ದರು. ನಡುವೆ ಒಂದು ಹಲಗೆಯನ್ನು ಸೇರಿಸಬೇಕಾದರೆ ಮುದ್ರೆಯನ್ನು ಒಡೆಯಬೇಕಾಗುತ್ತಿತ್ತು. ವಿಜಯನಗರದ ಅರಸರ ತಾಮ್ರಶಾಸನಗಳಲ್ಲಿ ಪಾಠವೆಲ್ಲ ನಂದಿನಾಗರಿಯಲ್ಲಿದ್ದರೂ ಕೊನೆಯಲ್ಲಿ ‘ಶ್ರೀ ವಿರೂಪಾಕ್ಷ’ ಎಂಬ ಅಂಕಿತ ಕನ್ನಡ ಅಕ್ಷರಗಳಲ್ಲಿ ಬರುವುದನ್ನು ಕಾಣಬಹುದು. ಅದು ಅರಸನ ಒಪ್ಪ. ಇಷ್ಟೆಲ್ಲ ಎಚ್ಚರವಿದ್ದೂ ಸುಳ್ಳು ಶಾಸನಗಳು ಹುಟ್ಟದಿರಲಿಲ್ಲ. ವಿದ್ವಾಂಸರು ಅವನ್ನು ಕೂಟಶಾಸನಗಳೆಂದು ಕರೆದರು. ಗಂಗರ ಹೆಸರಿನ ಅನೇಕ ತಾಮ್ರಪಟಗಳು ಕೃತಕವೆಂದು ಫ್ಲೀಟರು ವಾದಿಸಿದರೆ, ಅವುಗಳ ಪರವಾಗಿ ರೈಸರು ನಿಂತರು.

ತಾಮ್ರಶಾಸನ ದೊಡ್ಡವರ ಮಾತಾಯಿತು. ಹಳ್ಳಿಯ ಲೆಕ್ಕ ಇರುತ್ತಿದ್ದುದು ಶಾನುಭೋಗರ ಕಡತದಲ್ಲಿ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಬಳಿದು ಒಣಗಿಸಿ ಮಡಚಿದ ಕಪ್ಪು ಪುಸ್ತಕವದು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು, ಬೇಡವಾದರೆ ಒರೆಸುತ್ತಿದ್ದರು. ಒರೆಸಬಹುದೆಂಬುದೇ ಅದರ ಗುಣ, ಅದೇ ಅದರ ದೋಷ. ಶಾನುಭೋಗಿಕೆ ರದ್ದಾಗಿ ಗ್ರಾಮಲೆಕ್ಕಿಗರು ಬಂದ ಮೇಲೂ ಕೈಬರಹದ ಪಹಣಿಯೇ ದಶಕಗಳ ಕಾಲ ನಡೆಯಿತು. ಶಾಯಿಯ ಅಕ್ಷರವನ್ನು ಕೆರೆದರೆ ಕಾಗದ ತೆಳುವಾಗುತ್ತದೆ, ಬೆಳಕಿಗೆ ಹಿಡಿದರೆ ಕಾಣುತ್ತದೆ ಎಂಬಷ್ಟು ಸಮಾಧಾನ ಮಾತ್ರ ರೈತನಿಗಿತ್ತು.

2000ದ ಸುಮಾರಿಗೆ ಕರ್ನಾಟಕ ಸರಕಾರ ‘ಭೂಮಿ’ ಎಂಬ ಯೋಜನೆಯನ್ನು ಕೈಗೊಂಡಿತು. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ ರೂಪಿಸಿದ ತಂತ್ರಾಂಶದ ನೆರವಿನಿಂದ ಆಗಿನ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು, ಸುಮಾರು 67 ಲಕ್ಷ ಭೂಮಾಲೀಕರ ದಾಖಲೆಗಳು, ಗಣಕಯಂತ್ರವನ್ನು ಸೇರಿದವು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಅಂದು 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ದೊರೆಯುತ್ತಿತ್ತು. ಕೈಬರಹದ ಪಹಣಿಗೆ ಮಾನ್ಯತೆ ನಿಂತಿತು. ಖಾತೆ ಬದಲಾವಣೆಗೆ ಒಪ್ಪಿಗೆ ಕೊಡುವ ಅಧಿಕಾರಿ ತನ್ನ ಬೆರಳ ಗುರುತನ್ನು ಯಂತ್ರಕ್ಕೆ ತೋರಿಸಿಯೇ ಒಳಹೋಗಬೇಕೆಂಬ ನಿಯಮವೂ ಬಂದಿತು.

ಇಲ್ಲಿ ಹಳೆಯ ಭಯ ಹೊಸ ರೂಪವನ್ನು ತಾಳುತ್ತದೆ. ಗಣಕಯಂತ್ರದ ಸ್ಮೃತಿಯಲ್ಲಿ 2 ಎಂಬುದನ್ನು ಅಳಿಸಿ 1 ಎಂದು ಬರೆದರೆ ಕೆರೆದ ಗುರುತಾಗಲಿ, ಶಾಯಿಯ ಕಲೆಯಾಗಲಿ ಉಳಿಯುವುದಿಲ್ಲ. ಮೂಲಕ್ಕೂ ನಕಲಿಗೂ ಭೇದವಿಲ್ಲದ ಲೋಕವದು. ತಂತಿಯ ಮೇಲೆ ಹರಿದುಬರುವಾಗ ದಾರಿಯಲ್ಲಿ ಯಾರಾದರೂ ತಿದ್ದಿದರೂ ಬಂದು ಸೇರಿದ ಪ್ರತಿ ಅಷ್ಟೇ ಅಚ್ಚುಕಟ್ಟಾಗಿರುತ್ತದೆ. ಇಂಥ ದಾಖಲೆಗೆ ಮುದ್ರೆಯನ್ನು ಒತ್ತುವುದು ಹೇಗೆ?

ಉತ್ತರವನ್ನು ಹುಡುಕುವ ಮೊದಲು ಒಂದು ಭೇದವನ್ನು ಗಮನಿಸಬೇಕು. ಗೂಢಲಿಪಿ ಶಾಸ್ತ್ರವೆಂದೊಡನೆ ಎಲ್ಲರಿಗೂ ನೆನಪಾಗುವುದು ಗುಟ್ಟು. ಬ್ಯಾಂಕಿನ ಗುಪ್ತಸಂಖ್ಯೆ ಪರರಿಗೆ ಕಾಣಬಾರದು. ಅದಕ್ಕೆ ಮುಚ್ಚಳ ಬೇಕು. ಪಹಣಿಯಾದರೋ ಗುಟ್ಟಿನ ಪತ್ರವಲ್ಲ. ಯಾರು ಕೇಳಿದರೂ ದೊರೆಯುತ್ತದೆ. ಅದಕ್ಕೆ ಬೇಕಾದದ್ದು ಬದಲಾಗಿಲ್ಲವೆಂಬ ನಂಬಿಕೆ, ಇಂಥವರೇ ಕೊಟ್ಟರೆಂಬ ಸಾಕ್ಷಿ. ಮುಚ್ಚಳ ಬೇರೆ, ಮುದ್ರೆ ಬೇರೆ. ಇವೆರಡನ್ನೂ ಒಂದೆಂದು ಭಾವಿಸಿ, ಮುದ್ರೆ ಬೇಕಾದಲ್ಲಿ ಮುಚ್ಚಳವನ್ನು ಹಾಕಿ ನಿಶ್ಚಿಂತರಾಗುವ ತಂತ್ರಜ್ಞರು ಇಂದಿಗೂ ವಿರಳರಲ್ಲ.

ಮುದ್ರೆಯ ಮೊದಲ ಹಂತ ತಾಳೆ. ಹಳೆಯ ಲೆಕ್ಕಿಗರು ಅಂಕಿಗಳನ್ನು ಕೂಡಿ ತಾಳೆ ನೋಡುತ್ತಿದ್ದರು. 2 ಎಕರೆ 10 ಗುಂಟೆ ಎಂಬಲ್ಲಿ ಅಂಕಿಗಳ ಮೊತ್ತ 3. ಈ 3ನ್ನು ಬೇರೆ ಕಡೆ ಬರೆದಿಟ್ಟರೆ, ಮುಂದೆ ಯಾರಾದರೂ ತಿದ್ದಿದಾಗ ಮೊತ್ತ ಬದಲಾಗಿ ಮೋಸ ಬಯಲಾಗಬೇಕು. ಆದರೆ ತಿದ್ದುವವನು ಅದನ್ನು 1 ಎಕರೆ 20 ಗುಂಟೆ ಎಂದು ಮಾಡಿದರೆ? ಮೊತ್ತ ಈಗಲೂ 3. ತೊಂಬತ್ತು ಗುಂಟೆಯಿದ್ದದ್ದು ಅರವತ್ತಾಯಿತು. ಮೂವತ್ತು ಗುಂಟೆ ಕಾಣೆಯಾದರೂ ತಾಳೆ ತಪ್ಪಲಿಲ್ಲ. ತನ್ನ ಬುದ್ಧಿಯನ್ನೇ ನಂಬಿ ಹೊಸದೊಂದು ತಾಳೆಯನ್ನು ಹೊಸೆಯುವವನು ಬೀಳುವ ಹಳ್ಳ ಇದೇ. ಆಕಸ್ಮಿಕವಾದ ತಪ್ಪನ್ನು ಹಿಡಿಯುವ ಲೆಕ್ಕ, ಬೇಕೆಂದು ಮಾಡಿದ ಮೋಸವನ್ನು ಹಿಡಿಯಲಾರದು.

ಈ ಕೊರತೆಯನ್ನು ನೀಗುವ ಗಣಿತಕ್ರಿಯೆಗೆ ಹ್ಯಾಶ್ ಎಂದು ಹೆಸರು. ಅಮೆರಿಕದ ಮಾನಕ ಸಂಸ್ಥೆ ಪ್ರಕಟಿಸಿದ ‘ಎಸ್‌ಎಚ್‌ಎ-256’ ಎಂಬ ಹ್ಯಾಶ್ ಕ್ರಿಯೆಗೆ ಒಂದು ಪಹಣಿಯನ್ನು ಕೊಡಲಿ, ಒಂದು ಮಹಾಕಾವ್ಯವನ್ನೇ ಕೊಡಲಿ, ಅದು 256 ಬಿಟ್‌ಗಳ ಒಂದೇ ಸಂಖ್ಯೆಯನ್ನು ಮರಳಿಸುತ್ತದೆ. ಪಹಣಿಯಲ್ಲಿ ಒಂದು ಅಂಕಿ ಬದಲಾದರೆ ಆ 256ರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬಿಟ್‌ಗಳು ತಲೆಕೆಳಗಾಗುತ್ತವೆ. ಅದೇ ಹ್ಯಾಶ್ ಬರುವಂತೆ ಬೇರೊಂದು ಸುಳ್ಳು ಪಹಣಿಯನ್ನು ಹೊಂದಿಸಬೇಕೆಂದರೆ, 78 ಅಂಕಿಗಳಷ್ಟು ಉದ್ದದ ಸಂಖ್ಯೆಯ ಸಾಧ್ಯತೆಗಳ ನಡುವೆ ಕತ್ತಲಲ್ಲಿ ತಡಕಾಡಬೇಕು.

ತಾಳೆಯೊಂದಿದ್ದರೆ ಸಾಲದು, ಅದರ ಮೇಲೆ ಒಪ್ಪವೂ ಬೀಳಬೇಕು. ಮೋಸಗಾರ ಪಹಣಿಯನ್ನು ತಿದ್ದಿ, ಹೊಸ ಹ್ಯಾಶನ್ನೂ ಲೆಕ್ಕಹಾಕಿ ಅಂಟಿಸಿದರೆ ತಡೆಯುವವರಾರು? ಇದಕ್ಕೆ ದಾರಿ ತೆರೆದದ್ದು 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಎಂಬ ಇಬ್ಬರು ಅಮೆರಿಕನ್ ಸಂಶೋಧಕರು ಪ್ರಕಟಿಸಿದ ವಿಚಾರ. ಒಂದೇ ಕೀಲಿಯ ಬದಲು ಜೋಡಿ ಕೀಲಿಗಳಿರಲಿ, ಒಂದು ಗುಟ್ಟಾಗಿರಲಿ, ಇನ್ನೊಂದನ್ನು ಊರಿಗೆಲ್ಲ ಸಾರಲಿ ಎಂದು ಅವರು ಸೂಚಿಸಿದರು. ಮರುವರ್ಷ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಅವಿಭಾಜ್ಯ ಸಂಖ್ಯೆಗಳಿಂದ ಅಂಥ ಜೋಡಿಯನ್ನು ಮಾಡಿ ತೋರಿಸಿದರು. ಅವರ ಹೆಸರಿನ ಮೊದಲಕ್ಷರಗಳಿಂದ ಅದು ‘ಆರ್‌ಎಸ್‌ಎ’ ಎನಿಸಿತು.

ಅದರ ಮರ್ಮವನ್ನು ವಿದ್ಯಾರ್ಥಿಗಳು ಕಾಗದದ ಮೇಲೆ ಮಾಡಿ ನೋಡಬಹುದು. 3 ಮತ್ತು 11 ಎಂಬ ಎರಡು ಅವಿಭಾಜ್ಯಗಳನ್ನು ತೆಗೆದುಕೊಳ್ಳಲಿ. ಗುಣಿಸಿದರೆ 33. ಒಂದೊಂದರಿಂದ 1ನ್ನು ಕಳೆದು ಗುಣಿಸಿದರೆ 2 ಗುಣಿಸು 10, ಅಂದರೆ 20. ಈಗ ಗುಣಲಬ್ಧವನ್ನು 20ರಿಂದ ಭಾಗಿಸಿದರೆ 1 ಉಳಿಯುವಂಥ ಎರಡು ಸಂಖ್ಯೆಗಳು ಬೇಕು. 3 ಮತ್ತು 7 ಅಂಥವು, ಅವುಗಳ ಗುಣಲಬ್ಧ 21. ಈ 3ನ್ನೂ 33ನ್ನೂ ಊರಿಗೆ ಸಾರಿ, 7ನ್ನು ಅಧಿಕಾರಿ ತನ್ನಲ್ಲೇ ಇಟ್ಟುಕೊಳ್ಳುತ್ತಾನೆ. ಪಹಣಿಯ ಹ್ಯಾಶ್ 2 ಎಂದಿರಲಿ. ಅಧಿಕಾರಿ 2ನ್ನು ಏಳು ಸಲ ಗುಣಿಸುತ್ತಾನೆ, 128 ಬರುತ್ತದೆ. ಅದನ್ನು 33ರಿಂದ ಭಾಗಿಸಿದರೆ ಉಳಿಯುವ ಶೇಷ 29. ಈ 29 ಅವನ ಸಹಿ. ಪಹಣಿಯನ್ನು ಪಡೆದ ಬ್ಯಾಂಕಿನವನು 29ನ್ನು ಮೂರು ಸಲ ಗುಣಿಸುತ್ತಾನೆ, 24389 ಬರುತ್ತದೆ. 33ರಿಂದ ಭಾಗಿಸಿದರೆ ಶೇಷ 2. ಕೈಯಲ್ಲಿರುವ ಪಹಣಿಯ ಹ್ಯಾಶನ್ನು ತಾನೇ ಲೆಕ್ಕಹಾಕಿ, ಅದೂ 2 ಎಂದು ಕಂಡರೆ ಸಹಿ ನಿಜ. ದಾರಿಯಲ್ಲಿ ಯಾರೋ ತಿದ್ದಿ ಅದು 5 ಆಗಿದ್ದರೆ ಮೋಸ ಅಲ್ಲೇ ತಿಳಿಯುತ್ತದೆ. ಸಹಿಯನ್ನು ಪರೀಕ್ಷಿಸಲು ಎಲ್ಲರಿಗೂ ಸಾಧ್ಯ. ಹಾಕಲು 7ನ್ನು ಬಲ್ಲವನಿಗೆ ಮಾತ್ರ ಸಾಧ್ಯ.

33ನ್ನು ಒಡೆದು 3 ಮತ್ತು 11ನ್ನು ಕಂಡುಹಿಡಿಯುವುದು ಮಕ್ಕಳಾಟ. ನಿಜವಾದ ಬಳಕೆಯಲ್ಲಿ ಆ ಸಂಖ್ಯೆ 2048 ಬಿಟ್‌ಗಳದ್ದು, ಅಂದರೆ 617 ಅಂಕಿಗಳದ್ದು. 250 ಅಂಕಿಗಳ ಇಂಥದೊಂದು ಸಂಖ್ಯೆಯನ್ನು 2020ರಲ್ಲಿ ಸಂಶೋಧಕರು ಒಡೆದಾಗ, ಒಂದೇ ಗಣಕಭಾಗ ದುಡಿದಿದ್ದರೆ ಸಾವಿರಾರು ವರ್ಷ ಹಿಡಿಯುವಷ್ಟು ಲೆಕ್ಕವನ್ನು ಅನೇಕ ಯಂತ್ರಗಳಿಗೆ ಹಂಚಬೇಕಾಯಿತು. 2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ಭಾರತದ ಮಾಹಿತಿ ತಂತ್ರಜ್ಞಾನ ಕಾಯಿದೆ, ಡಿಜಿಟಲ್ ಸಹಿಗೆ ಜೋಡಿ ಕೀಲಿ ಮತ್ತು ಹ್ಯಾಶ್ ಕ್ರಿಯೆ ಎರಡೂ ಬೇಕೆಂದು ತನ್ನ ಪಾಠದಲ್ಲಿಯೇ ಹೇಳಿದೆ. ಕಾನೂನಿನ ಪುಸ್ತಕದೊಳಗೆ ಗಣಿತ ಹೀಗೆ ನೇರವಾಗಿ ಬಂದು ಕೂರುವುದು ಅಪರೂಪ. ಇಂದು ಅಂತರ್ಜಾಲದಿಂದ ದೊರೆಯುವ ಪಹಣಿಯ ಪ್ರತಿ ಈ ಬಗೆಯ ಸಹಿಯನ್ನು ಹೊತ್ತು ಬರುತ್ತದೆ.

ಇಷ್ಟನ್ನೂ ತಿಳಿದ ಯುವಕನೊಬ್ಬ ತಾನೇ ಕುಳಿತು ಸಹಿಯ ಕ್ರಮವಿಧಿಯನ್ನು ಬರೆಯಬಹುದಲ್ಲವೆ? ಬರೆಯಬಹುದು, ಕಲಿಯುವುದಕ್ಕಾಗಿ ಬರೆಯಲೂಬೇಕು. ಆದರೆ ಅದನ್ನು ರೈತನ ಪಹಣಿಗೆ ಹಚ್ಚಬಾರದು. ಬಡಗಿ ಬಾಗಿಲನ್ನು ತಾನೇ ಮಾಡಿದರೂ ಬೀಗವನ್ನು ಅಂಗಡಿಯಿಂದ ತರುತ್ತಾನೆ. ತಂತ್ರಾಂಶದ ಲೋಕದಲ್ಲಿ ಅಂಥ ಅಂಗಡಿಗೆ ‘ಲೈಬ್ರರಿ’ ಎಂದು ಹೆಸರು. ನುರಿತವರು ಬರೆದು, ಪರೀಕ್ಷಿಸಿ, ಬೇರೆಯವರ ಬಳಕೆಗೆಂದು ಇಟ್ಟ ಕ್ರಮವಿಧಿಗಳ ಭಂಡಾರವದು. 1998ರಲ್ಲಿ ಆರಂಭವಾದ ಓಪನ್‌ಎಸ್‌ಎಸ್‌ಎಲ್, ಜಾವಾ ಭಾಷೆಯವರು ಬಳಸುವ ಬೌನ್ಸಿ ಕ್ಯಾಸಲ್, ಬಳಸುವವನಿಗೆ ತಪ್ಪು ಮಾಡಲು ಅವಕಾಶವೇ ಕಡಿಮೆಯಿರುವಂತೆ ರೂಪಿಸಿದ ಲಿಬ್‌ಸೋಡಿಯಂ, ಇವು ಪ್ರಸಿದ್ಧವಾದವು. ಇವುಗಳ ಒಳಗನ್ನು ಯಾರು ಬೇಕಾದರೂ ತೆರೆದು ಓದಬಹುದು.

ಬೀಗದ ಒಳಗನ್ನು ಕಳ್ಳನಿಗೂ ತೋರಿಸುವುದು ಮೂರ್ಖತನವಲ್ಲವೇ ಎಂದು ಕೇಳುವವರುಂಟು. 1883ರಲ್ಲಿಯೇ ಕೆರ್ಕಾಫ್ಸ್ ಎಂಬ ಡಚ್ ಮೂಲದ ಪಂಡಿತ ಇದಕ್ಕೆ ಉತ್ತರ ಹೇಳಿದ್ದ. ವ್ಯವಸ್ಥೆ ಶತ್ರುವಿನ ಕೈಸೇರಿದರೂ ಕೆಡಕಾಗಬಾರದು, ಗುಟ್ಟೆಲ್ಲ ಕೀಲಿಯಲ್ಲಿಯೇ ಇರಬೇಕು ಎಂಬುದು ಅವನ ನಿಯಮ. ಕೀಲಿ ಕಳೆದರೆ ಬೇರೆ ಕೀಲಿ ಮಾಡಿಸಬಹುದು. ವಿಧಾನವೇ ಗುಟ್ಟಾಗಿದ್ದು ಅದು ಬಯಲಾದರೆ ನಾಡಿನ ಬೀಗಗಳನ್ನೆಲ್ಲ ಕಿತ್ತೆಸೆಯಬೇಕಾಗುತ್ತದೆ. ಇಂದು ಎಲ್ಲೆಡೆ ಬಳಕೆಯಲ್ಲಿರುವ ‘ಎಇಎಸ್’ ಎಂಬ ಗೂಢಲಿಪಿ ಹುಟ್ಟಿದ್ದು ಬಹಿರಂಗ ಸ್ಪರ್ಧೆಯಿಂದ. ಹದಿನೈದು ವಿಧಾನಗಳನ್ನು ಲೋಕದ ಮುಂದಿಟ್ಟು, ಒಡೆಯಬಲ್ಲವರು ಒಡೆಯಲಿ ಎಂದು ಬಿಟ್ಟು, ಕೊನೆಗೆ ಬೆಲ್ಜಿಯಂ ದೇಶದ ಡಾಮೆನ್ ಮತ್ತು ರೈಮೆನ್ ಎಂಬವರ ವಿಧಾನವನ್ನು ಆರಿಸಿ 2001ರಲ್ಲಿ ಮಾನಕವಾಗಿ ಪ್ರಕಟಿಸಲಾಯಿತು.

ಒಳ್ಳೆಯ ಬೀಗವನ್ನು ತಂದವನೂ ಅದನ್ನು ತಲೆಕೆಳಗಾಗಿ ಜಡಿಯಬಹುದು. ಎಇಎಸ್ ವಿಧಾನ 16 ಬೈಟುಗಳ ತುಂಡುಗಳನ್ನು ಒಂದೊಂದಾಗಿ ಗೂಢಲಿಪಿಗೆ ತಿರುಗಿಸುತ್ತದೆ. ಗಣಕಯಂತ್ರದ ಸಾಮಾನ್ಯ ಬರವಣಿಗೆಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟು ಬೇಕು. ‘ಕಬ್ಬು’ ಎಂಬ ಪದದಲ್ಲಿ ಕ, ಬ, ವಿರಾಮ, ಬ, ಉಕಾರ ಹೀಗೆ ಐದು ಚಿಹ್ನೆಗಳಿದ್ದು, ಅದು 15 ಬೈಟುಗಳಾಗಿ ಒಂದೇ ತುಂಡಿನಲ್ಲಿ ಅಡಗುತ್ತದೆ. ತಂತ್ರಜ್ಞನೊಬ್ಬ ಹೊಳಲಿನ ಸುತ್ತಿನ ಜಮೀನುಗಳ ಬೆಳೆಯ ಪಟ್ಟಿಯನ್ನು ಹೀಗೆ ಒಂದೊಂದೇ ತುಂಡಾಗಿ, ಒಂದೇ ಕೀಲಿಯಿಂದ ಗೂಢಗೊಳಿಸಿದನೆಂದುಕೊಳ್ಳೋಣ. ‘ಕಬ್ಬು’ ಇದ್ದಲ್ಲೆಲ್ಲ ಒಂದೇ ಗೂಢಾಕ್ಷರಗಳು ಮರುಕಳಿಸುತ್ತವೆ. ಆ ಸೀಮೆಯ ಬೆಳೆ ಯಾವುದೆಂದು ಬಲ್ಲವನಿಗೆ ಕೀಲಿಯೇ ಬೇಡ. ಹೆಚ್ಚು ಸಲ ಬಂದದ್ದು ಕಬ್ಬು, ಅದಕ್ಕಿಂತ ಕಡಿಮೆ ಬಂದದ್ದು ಭತ್ತ ಎಂದು ಓದಿಬಿಡುತ್ತಾನೆ. ಒಂದು ಸಾಲಿನ ತುಂಡನ್ನು ಎತ್ತಿ ಇನ್ನೊಂದು ಸಾಲಿಗೆ ಅಂಟಿಸಿದರೂ ಯಂತ್ರಕ್ಕೆ ಅರಿವಾಗದು. ಆದ್ದರಿಂದ ಪ್ರತಿಯೊಂದು ಸಂದೇಶಕ್ಕೂ ಮರಳಿ ಬಾರದ ಹೊಸ ಸಂಖ್ಯೆಯೊಂದನ್ನು ಬೆರೆಸುವ, ಮುಚ್ಚಳದೊಡನೆ ಮುದ್ರೆಯನ್ನೂ ಒತ್ತುವ ವಿಧಾನಗಳನ್ನು ಲೈಬ್ರರಿಯಿಂದ ಆರಿಸಿಕೊಳ್ಳಬೇಕು. ಭಂಡಾರದಲ್ಲಿ ಹಳೆಯ ಸಾಮಾನೂ ಇರುತ್ತದೆ. 1995ರ ‘ಎಸ್‌ಎಚ್‌ಎ-1’ ಎಂಬ ಹ್ಯಾಶ್ ಬಹುಕಾಲ ನಂಬಿಕೆಯದಾಗಿತ್ತು. 2017ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಗಣಿತ ಸಂಸ್ಥೆ ಮತ್ತು ಗೂಗಲ್ ಸಂಸ್ಥೆಯ ಸಂಶೋಧಕರು ಒಂದೇ ಹ್ಯಾಶ್ ಉಳ್ಳ ಎರಡು ಬೇರೆ ಬೇರೆ ದಾಖಲೆಗಳನ್ನು ಮಾಡಿ ತೋರಿಸಿದ ಮೇಲೆ ಅದು ಸಹಿಗೆ ತಕ್ಕದ್ದಲ್ಲವೆಂಬುದು ನಿಶ್ಚಯವಾಯಿತು.

ಲೈಬ್ರರಿಗಳೂ ಮನುಷ್ಯರು ಬರೆದವೇ. 2006ರಲ್ಲಿ ಡೆಬಿಯನ್ ಎಂಬ ಕಾರ್ಯವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದವರು, ಪರೀಕ್ಷಕ ಯಂತ್ರ ದೂರಿತೆಂದು, ಓಪನ್‌ಎಸ್‌ಎಸ್‌ಎಲ್‌ನ ತಮ್ಮ ಪ್ರತಿಯಲ್ಲಿ ಒಂದೆರಡು ಸಾಲುಗಳನ್ನು ತೆಗೆದುಹಾಕಿದರು. ಕೀಲಿಗೆ ಬೇಕಾದ ಯಾದೃಚ್ಛಿಕ ಸಂಖ್ಯೆಗಳು ಬರುತ್ತಿದ್ದುದು ಆ ಸಾಲುಗಳ ಬಲದಿಂದಲೇ. ಅಂದಿನಿಂದ 2008ರ ಮೇ ತಿಂಗಳವರೆಗೆ ಆ ಯಂತ್ರಗಳಲ್ಲಿ ಹುಟ್ಟಿದ ಒಂದೊಂದು ಬಗೆಯ ಕೀಲಿಗೂ 32,768ರಷ್ಟೇ ಸಾಧ್ಯತೆಗಳು ಉಳಿದಿದ್ದವು. ಕಳ್ಳನೊಬ್ಬ ಎಲ್ಲ ಕೀಲಿಗಳನ್ನೂ ಮಾಡಿ ಗೊಂಚಲು ಕಟ್ಟಿಕೊಳ್ಳಬಹುದಾಗಿತ್ತು. 2014ರ ಏಪ್ರಿಲಿನಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷ ಬೆಳಕಿಗೆ ಬಂದಿತು. ಒಂದು ಯಂತ್ರ ಇನ್ನೊಂದಕ್ಕೆ ‘ಈ ಮಾತನ್ನು ಮರಳಿ ಹೇಳು, ಇದು ಇಷ್ಟು ಉದ್ದವಿದೆ’ ಎನ್ನುವ ಕುಶಲಪ್ರಶ್ನೆ ಅದರಲ್ಲಿತ್ತು. ಹೇಳಿದ ಉದ್ದ ನಿಜವೇ ಎಂದು ನೋಡುವುದನ್ನು ಬರೆದವರು ಮರೆತಿದ್ದರು. ಚಿಕ್ಕ ಮಾತನ್ನು ಕೊಟ್ಟು ದೊಡ್ಡ ಉದ್ದವನ್ನು ಹೇಳಿದರೆ, ಪಕ್ಕದ ಸ್ಮೃತಿಯಲ್ಲಿದ್ದ ಗುಟ್ಟುಗಳನ್ನೂ, ಕೆಲವೊಮ್ಮೆ ಗುಟ್ಟಿನ ಕೀಲಿಯನ್ನೇ, ಯಂತ್ರ ಸುರಿದುಕೊಡುತ್ತಿತ್ತು. ಲೋಕದ ಅಂತರ್ಜಾಲ ತಾಣಗಳಲ್ಲಿ ಬಹುಪಾಲು ನೆಚ್ಚಿದ್ದ ಆ ಲೈಬ್ರರಿಯನ್ನು ಆಗ ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ. ಹಾಗಿದ್ದೂ ಲೈಬ್ರರಿಯೇ ಮೇಲು. ದೋಷ ಕಂಡೊಡನೆ ತಿದ್ದಿದ ಪ್ರತಿ ಎಲ್ಲರಿಗೂ ದೊರೆಯಿತು. ಒಬ್ಬನೇ ಮೂಲೆಯಲ್ಲಿ ಕುಳಿತು ಮಾಡಿದ ಬೀಗದ ದೋಷವನ್ನು ಮೊದಲು ಕಾಣುವವನು ಕಳ್ಳ, ಅವನು ಅದನ್ನು ಯಾರಿಗೂ ಹೇಳುವುದಿಲ್ಲ.

ಮುಚ್ಚಳ ಮತ್ತು ಮುದ್ರೆ ಎರಡೂ ಒಟ್ಟಿಗೆ ಕೆಲಸ ಮಾಡುವುದನ್ನು ಹಳ್ಳಿಯ ಜಗಲಿಯ ಮೇಲೂ ಕಾಣಬಹುದು. ಪಹಣಿಯ ಪ್ರತಿಯನ್ನು ಮೊಬೈಲಿನಲ್ಲಿ ತರಿಸಿಕೊಳ್ಳುವಾಗ, ಮೊಬೈಲು ಮೊದಲು ಸರಕಾರದ ಗಣಕಯಂತ್ರದ ಪ್ರಮಾಣಪತ್ರವನ್ನು ಪರೀಕ್ಷಿಸುತ್ತದೆ. ಆಮೇಲೆ ಇಬ್ಬರೂ ಸೇರಿ ಆ ಒಂದು ಸಂಭಾಷಣೆಗೆ ಮಾತ್ರ ಸಲ್ಲುವ ಕೀಲಿಯನ್ನು ಮಾಡಿಕೊಳ್ಳುತ್ತಾರೆ. ಅದೇ ಪಹಣಿಯನ್ನು ಬೆಂಗಳೂರಿನಲ್ಲಿರುವ ಮಗನಿಗೆ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದರೆ, ಮೊಬೈಲಿನಿಂದ ಮೊಬೈಲಿನವರೆಗೆ ಅದು ಮುಚ್ಚಿಯೇ ಹೋಗುತ್ತದೆ. 2016ರಲ್ಲಿ ಆ ಸಂಸ್ಥೆ ಈ ಭದ್ರತೆಯನ್ನು ಎಲ್ಲ ಬಳಕೆದಾರರಿಗೂ ಒದಗಿಸಿದಾಗ, ಅಷ್ಟು ದೊಡ್ಡ ಸಂಸ್ಥೆಯೂ ಗೂಢಲಿಪಿಯನ್ನು ತಾನೇ ಹೊಸದಾಗಿ ಹೊಸೆಯಲಿಲ್ಲ. ‘ಸಿಗ್ನಲ್’ ಎಂಬ ವಿಧಾನದ ಬಹಿರಂಗ ಲೈಬ್ರರಿಯನ್ನು ಬಳಸಿತು.

ಗಣಿತದ ಕೈ ನಿಲುಕದ ಜಾಗವೂ ಒಂದಿದೆ. ಡಿಜಿಟಲ್ ಸಹಿ ಹೇಳುವುದು, ಈ ಕೀಲಿಯಿಂದ ಸಹಿಯಾದ ಮೇಲೆ ಪಹಣಿ ಬದಲಾಗಿಲ್ಲವೆಂದು ಮಾತ್ರ. ಸಹಿ ಬೀಳುವ ಮೊದಲೇ ಸುಳ್ಳು ಹೆಸರು ಸೇರಿದ್ದರೆ, ಆ ಸುಳ್ಳನ್ನು ಅದು ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ಗುಟ್ಟಿನ ಕೀಲಿ ಇರುವುದು ಬೆರಳುದ್ದದ ಒಂದು ಟೋಕನ್‌ನಲ್ಲಿ. ಆ ಕೀಲಿಯನ್ನು ಹೊರಗೆ ನಕಲು ಮಾಡಲು ಬಾರದಂತೆ ಟೋಕನ್ ರಚನೆಗೊಂಡಿದೆ. ಆದರೆ ಅಧಿಕಾರಿಯೊಬ್ಬ ಕೆಲಸದ ಒತ್ತಡದಲ್ಲಿ ಟೋಕನನ್ನೂ ಅದರ ಗುಪ್ತಸಂಖ್ಯೆಯನ್ನೂ ಗುಮಾಸ್ತನ ಕೈಗೆ ಕೊಟ್ಟು ಊಟಕ್ಕೆ ಹೋದರೆ, 617 ಅಂಕಿಗಳ ಸಂಖ್ಯೆ ಮಾಡುವುದೇನೂ ಇಲ್ಲ. ಹಿಂದಿನ ಕಾಲದಲ್ಲಿ ಮುದ್ರೆಯುಂಗುರವನ್ನು ಬೆರಳಿನಿಂದ ತೆಗೆಯುವುದು ಎಷ್ಟು ದೊಡ್ಡ ಮಾತಾಗಿತ್ತೋ ಟೋಕನ್‌ನ ವಿಷಯವೂ ಅಷ್ಟೇ. ಅದನ್ನು ಮೇಜಿನ ಸೆಳೆಯ ಖಾನೆಯ ಸಾಮಾನೆಂದು ಕಾಣುವ ಕಚೇರಿಯಲ್ಲಿ ಯಾವ ಲೈಬ್ರರಿಯೂ ರಕ್ಷಣೆಗೆ ಬಾರದು.

ಭೂದಾಖಲೆಗೆ ಇನ್ನೊಂದು ವಿಶೇಷವಿದೆ. ಮೊಬೈಲಿನ ಸಂದೇಶ ನಾಳೆ ಮರೆತುಹೋಗುವಂಥದು. ಪಹಣಿ ಮೊಮ್ಮಕ್ಕಳು ಭಾಗವಾಗುವ ದಿನವೂ ಸಾಕ್ಷಿ ಹೇಳಬೇಕು. 1994ರಲ್ಲಿ ಪೀಟರ್ ಶೋರ್ ಎಂಬ ಗಣಿತಜ್ಞ, ಕ್ವಾಂಟಂ ಗಣಕಯಂತ್ರವೊಂದು ತಕ್ಕಷ್ಟು ಬಲಿತರೆ ದೊಡ್ಡ ಸಂಖ್ಯೆಗಳನ್ನು ಸುಲಭವಾಗಿ ಒಡೆಯಬಲ್ಲುದೆಂದು ತೋರಿಸಿದ. ಅಂಥ ಯಂತ್ರ ಬಂದ ದಿನ ಆರ್‌ಎಸ್‌ಎ ಸಹಿಯನ್ನು ಯಾರು ಬೇಕಾದರೂ ಹಾಕಬಹುದು. ಅದಕ್ಕೆ ಅಂಜದ ಹೊಸ ವಿಧಾನಗಳ ಮೊದಲ ಮಾನಕಗಳು 2024ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಪ್ರಕಟವಾದವು. 2025ರ ಏಪ್ರಿಲಿನಲ್ಲಿ ಬಂದ ಓಪನ್‌ಎಸ್‌ಎಸ್‌ಎಲ್‌ನ ಹೊಸ ಆವೃತ್ತಿಯಲ್ಲಿ ಅವು ಸೇರಿಕೊಂಡವು. ತಂತ್ರಾಂಶವನ್ನು ಬರೆದವರು ಸಹಿಯ ಕೆಲಸವನ್ನು ಒಂದೇ ಕಡೆ ಇಟ್ಟು ಲೈಬ್ರರಿಗೆ ವಹಿಸಿದ್ದರೆ, ಹಳೆಯ ಬೀಗವನ್ನು ಬಿಚ್ಚಿ ಹೊಸದನ್ನು ಹಾಕುವ ಕೆಲಸ ಹಗುರವಾಗುತ್ತದೆ. ಅದನ್ನು ನೂರು ಕಡೆ ಕೈಯಾರೆ ಹೊಸೆದಿದ್ದರೆ ನೂರು ಕಡೆಯೂ ಗೋಡೆ ಒಡೆಯಬೇಕು. ಹಳೆಯ ಸಹಿ ಇನ್ನೂ ನಂಬಿಕೆಗೆ ಅರ್ಹವಾಗಿರುವಾಗಲೇ ಅದರ ಮೇಲೆ ಹೊಸ ಸಹಿ ಬೀಳಬೇಕಾಗುತ್ತದೆ. ನಂಬಿಕೆ ಕೆಟ್ಟ ಮೇಲೆ ಹಾಕಿದ ಸಹಿ, ಆ ಎರಡು ಎಕರೆ ಹತ್ತು ಗುಂಟೆ ಮೊದಲಿನಿಂದಲೂ ಅಷ್ಟೇ ಇತ್ತೆಂದು ಹೇಳಲಾರದು.